ಗೊತ್ತಿಲ್ಲದ ನಕ್ಷತ್ರಕ್ಕೂ ಧೈರ್ಯವಾಗಿ ಉತ್ತರ ಹೇಳುವ ನ್ಯೂರಲ್ ನೆಟ್‌ವರ್ಕ್: ನನ್ನ ಪ್ರಾಜೆಕ್ಟ್‌ಗೆ ಸಲಹೆ ಬೇಕು

ಗೂಡುಮನೆ (ಶಿಡ್ಲಘಟ್ಟ)

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಪ್ರಾಜೆಕ್ಟ್ ಒಂದು ಕಡೆ ಸಿಕ್ಕಿಕೊಂಡಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ಕೆಲಸ ಇಷ್ಟು. ನಕ್ಷತ್ರದ ಸ್ಪೆಕ್ಟ್ರಮ್ (ಬೆಳಕನ್ನು ಬಿಡಿಸಿದಾಗ ಬರುವ, ಕಪ್ಪು ಗೆರೆಗಳಿರುವ ಪಟ್ಟಿ) ಕೊಟ್ಟರೆ ನಕ್ಷತ್ರದ ಮೇಲ್ಮೈ ಎಷ್ಟು ಬಿಸಿ, ಅಲ್ಲಿ ಗುರುತ್ವ ಎಷ್ಟು, ಕಬ್ಬಿಣದಂಥ ಲೋಹ ಎಷ್ಟಿದೆ ಎಂದು ನ್ಯೂರಲ್ ನೆಟ್‌ವರ್ಕ್ (ಉದಾಹರಣೆ ನೋಡಿ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ) ಹೇಳಬೇಕು. ಡೇಟಾ ಅಪೊಜಿ ಎಂಬ ನಕ್ಷತ್ರ ಸರ್ವೆಯದು. ನ್ಯೂ ಮೆಕ್ಸಿಕೋದಲ್ಲಿ ಒಂದು, ಚಿಲಿಯಲ್ಲಿ ಒಂದು ದೂರದರ್ಶಕ. ಒಂದೊಂದರಲ್ಲೂ ಬೆಳಕು ಸಾಗಿಸುವ 300 ಫೈಬರ್ ಎಳೆ. ಒಂದೇ ಸಲಕ್ಕೆ ಅಷ್ಟು ನಕ್ಷತ್ರದ ಬೆಳಕು ಹಿಡಿಯುತ್ತದೆ. ಅದೂ ಅವಕೆಂಪು ಬೆಳಕು, 1.51ರಿಂದ 1.70 ಮೈಕ್ರಾನ್. ಆಕಾಶಗಂಗೆಯ ದೂಳನ್ನು ದಾಟಿ ಬರುವುದು ಈ ಬೆಳಕೇ. 2021ರ ಡಿಸೆಂಬರ್‌ನಲ್ಲಿ ಬಂದ ಕೊನೆಯ ಕಂತಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳಿವೆ. ಯಾರು ಬೇಕಾದರೂ ಡೌನ್‌ಲೋಡ್ ಮಾಡಬಹುದು, ಒಂದು ರೂಪಾಯಿ ಖರ್ಚಿಲ್ಲ. ನಾನು ಇದನ್ನೆಲ್ಲ ಮನೆಯಲ್ಲೇ, ಹಳೇ ಲ್ಯಾಪ್‌ಟಾಪ್ ಮತ್ತು ಕೊಲಾಬ್ (ಗೂಗಲ್‌ನ ಆನ್‌ಲೈನ್ ಕಂಪ್ಯೂಟರ್) ಇಟ್ಟುಕೊಂಡು ಮಾಡುತ್ತಿದ್ದೇನೆ.

ಮಾದರಿಗೆ 2018ರ ಸ್ಟಾರ್‌ನೆಟ್ ಪ್ರಬಂಧ ನೋಡಿಕೊಂಡೆ. ಸ್ಪೆಕ್ಟ್ರಮ್‌ನ ಆಕಾರ ಹುಡುಕುವ ಎರಡು ಕನ್ವಲ್ಯೂಷನ್ ಪದರ, ಅದನ್ನು ಕುಗ್ಗಿಸುವ ಒಂದು ಪೂಲಿಂಗ್, ಆಮೇಲೆ ಎಲ್ಲ ಸೇರಿಸಿ ಉತ್ತರ ಕಟ್ಟುವ ಎರಡು ಡೆನ್ಸ್ ಪದರ. ಅಷ್ಟೇ. ಒಳಗೆ ಏಳು ಸಾವಿರ ಚಿಲ್ಲರೆ ಸಂಖ್ಯೆ ಹೋಗುತ್ತವೆ, ಹೊರಗೆ ಮೂರು ಬರುತ್ತವೆ. ಕಲಿಸುವಾಗ ಸರ್ವೆಯವರೇ ಕೊಟ್ಟಿರುವ ಬೆಲೆಗಳನ್ನು ಉತ್ತರ ಎಂದು ಕೊಟ್ಟೆ. ಶುದ್ಧವಾದ ಸ್ಪೆಕ್ಟ್ರಮ್ ಇರುವ ಕೆಂಪು ದೈತ್ಯಗಳನ್ನು (ವಯಸ್ಸಾಗಿ ಊದಿಕೊಂಡ ನಕ್ಷತ್ರಗಳು) ಮಾತ್ರ ಆರಿಸಿಕೊಂಡೆ, 4000ದಿಂದ 5500 ಕೆಲ್ವಿನ್ ಒಳಗಿನವು.

ಫಲಿತಾಂಶ ಚೆನ್ನಾಗಿ ಬಂತು. ಪರೀಕ್ಷೆಗೆಂದು ಎತ್ತಿಟ್ಟಿದ್ದ ನಕ್ಷತ್ರಗಳಲ್ಲಿ ತಾಪಮಾನದ ತಪ್ಪು ನೂರು ಡಿಗ್ರಿಯೂ ಇಲ್ಲ. ನನಗೆ ನಮ್ಮ ಅಪ್ಪ ನೆನಪಾದರು. ಅವರು ರೇಷ್ಮೆ ಗೂಡಿನ ಮಾರ್ಕೆಟ್‌ನಲ್ಲಿ ಲಾಟಿಗೆ (ಗೂಡಿನ ರಾಶಿಗೆ) ಕೈ ಹಾಕಿ, ನಾಲ್ಕು ಗೂಡು ಒತ್ತಿ, ಕಿವಿ ಹತ್ತಿರ ಅಲ್ಲಾಡಿಸಿ, ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕಾಗುತ್ತದೆ ಎಂದು ಹೇಳಿಬಿಡುತ್ತಾರೆ. ಮನೆಗೆ ಬಂದು ಬೇಯಿಸಿ ಬಿಚ್ಚಿದರೆ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಯಾವ ಸೂತ್ರವೂ ಇಲ್ಲ. ಮೂವತ್ತು ವರ್ಷದ ಲಾಟುಗಳು ಅವರ ಕೈಯಲ್ಲಿವೆ. ನನ್ನ ನೆಟ್‌ವರ್ಕ್ ಮಾಡಿದ್ದೂ ಅದನ್ನೇ ಅನ್ನಿಸಿತು.

ಸಿಕ್ಕಿಕೊಂಡಿದ್ದು ಇಲ್ಲಿ. ಅಪೊಜಿಯವರು ಪ್ರತಿ ಸಲ ಕೆಲವು ಫೈಬರ್‌ಗಳನ್ನು ತುಂಬಾ ಬಿಸಿ ನಕ್ಷತ್ರಗಳ ಮೇಲೆ ಇಡುತ್ತಾರೆ. ನಮ್ಮ ಗಾಳಿಯ ನೀರಾವಿ, ಇಂಗಾಲದ ಡೈಆಕ್ಸೈಡ್ ಮಾಡುವ ಗೆರೆಗಳನ್ನು ಗುರುತಿಸಿ ಕಳೆಯುವುದಕ್ಕೆ ಅವು ಬೇಕು. ಕುತೂಹಲಕ್ಕೆ ಅಂಥ ಒಂದನ್ನು ನೆಟ್‌ವರ್ಕ್‌ಗೆ ಕೊಟ್ಟೆ. ಒಂಬತ್ತು ಸಾವಿರ ಡಿಗ್ರಿ ಇರಬೇಕಾದ ನಕ್ಷತ್ರ. ಅದು ಐದು ಸಾವಿರದ ಇನ್ನೂರು ಎಂದಿತು! ಅನುಮಾನ ಇಲ್ಲ, ಹಿಂಜರಿಕೆ ಇಲ್ಲ. ಸರಿ ಉತ್ತರ ಹೇಳುವಾಗ ಹೇಗಿತ್ತೋ ಹಾಗೇ ಹೇಳಿತು.

ಗೈಡ್ ಹೇಳಿದರು, "ಅದು ನಿನ್ನ ವ್ಯಾಪ್ತಿಯಲ್ಲ, ಬಿಟ್ಟುಬಿಡು, ವರದಿಯಲ್ಲಿ ಬರೆಯಬೇಡ." ಅವರ ಮಾತಿನಲ್ಲೂ ಅರ್ಥವಿದೆ. ಆದರೆ ನನಗೆ ನಿದ್ದೆ ಬರುತ್ತಿಲ್ಲ. ಹೊಸ ಸ್ಪೆಕ್ಟ್ರಮ್ ಒಂದು ಬಂದಾಗ ಅದು ವ್ಯಾಪ್ತಿಯಲ್ಲಿದೆಯೋ ಇಲ್ಲವೋ ಅಂತ ಯಾರು ಹೇಳುತ್ತಾರೆ?

ಏಕಶಿಲೆ (ಮಧುಗಿರಿ)

ಮಗಳೇ, ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಕಂಪ್ಯೂಟರಿನ ಭಾಗ ನನಗೆ ಅರ್ಧ ಅರ್ಥವಾಯಿತು, ನಕ್ಷತ್ರದ ಭಾಗ ಪೂರ್ತಿ. ಓದುತ್ತಿರುವ ಬೇರೆಯವರಿಗಾಗಿ ಒಂದಷ್ಟು ಹಳೆಯ ಕತೆ ಹೇಳುತ್ತೇನೆ. ನಿನ್ನ ಪ್ರಶ್ನೆಗೂ ಅದಕ್ಕೂ ನಂಟಿದೆ.

ಪಟ್ಟಕದಲ್ಲಿ ಬೆಳಕು ಹಾಯಿಸಿದರೆ ಬಣ್ಣದ ಪಟ್ಟಿ ಬರುತ್ತದೆ. ಸೂರ್ಯನ ಬೆಳಕನ್ನು ಇನ್ನೂ ಬಿಡಿಸಿ ನೋಡಿದರೆ ಆ ಪಟ್ಟಿಯ ಮೇಲೆ ಸಾವಿರಾರು ಕಪ್ಪು ಗೆರೆ. ಒಂದೊಂದು ಧಾತುವಿಗೂ ತನ್ನದೇ ಗೆರೆಗಳು. ಕಳೆದ ಶತಮಾನದ ಶುರುವಿನಲ್ಲಿ ಹಾರ್ವರ್ಡ್‌ನಲ್ಲಿ ಆನಿ ಜಂಪ್ ಕ್ಯಾನನ್ ಎಂಬ ಹೆಣ್ಣುಮಗಳು ಗಾಜಿನ ತಟ್ಟೆಗಳ ಮೇಲಿನ ಈ ಗೆರೆಗಳನ್ನು ಭೂತಗನ್ನಡಿಯಲ್ಲಿ ನೋಡಿ ನಕ್ಷತ್ರಗಳನ್ನು ಗುಂಪು ಮಾಡಿದರು. ಒ, ಬಿ, ಎ, ಎಫ್, ಜಿ, ಕೆ, ಎಂ. ಜೀವಮಾನದಲ್ಲಿ ಸುಮಾರು ಮೂರೂವರೆ ಲಕ್ಷ ನಕ್ಷತ್ರ! ಕೈ ಪಳಗಿದ ಮೇಲೆ ನಿಮಿಷಕ್ಕೆ ಮೂರರಂತೆ. ನಿಮ್ಮ ಅಪ್ಪ ಗೂಡು ನೋಡುವ ಹಾಗೇ, ಅಲ್ವಾ?

ಆದರೆ ಆ ಗುಂಪುಗಳು ಯಾಕೆ ಹಾಗಿವೆ ಎನ್ನುವುದು ಗೊತ್ತಿರಲಿಲ್ಲ. 1920ರಲ್ಲಿ ನಮ್ಮ ಮೇಘನಾದ ಸಹಾ ಅದಕ್ಕೆ ಸಮೀಕರಣ ಕೊಟ್ಟರು. ಬಿಸಿ ಹೆಚ್ಚಾದಂತೆ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ. ಎಷ್ಟು ಬಿಸಿಗೆ ಎಷ್ಟು ಪಾಲು ಕಳೆದುಕೊಳ್ಳುತ್ತವೆ ಎಂದು ಅದು ಲೆಕ್ಕ ಹೇಳುತ್ತದೆ. ಹಾಗಾಗಿ ಗೆರೆ ದಪ್ಪ ಇದ್ದ ಮಾತ್ರಕ್ಕೆ ಆ ಧಾತು ಜಾಸ್ತಿ ಇದೆ ಎಂದಲ್ಲ. ಬಿಸಿ ಅದಕ್ಕೆ ಹೊಂದಿಕೆಯಾಗಿದೆ ಎಂದೂ ಆಗಬಹುದು. 1925ರಲ್ಲಿ ಸಿಸಿಲಿಯಾ ಪೇನ್ ಎಂಬ ಖಗೋಳ ವಿಜ್ಞಾನಿ ಈ ಸಮೀಕರಣ ಹಿಡಿದು ಲೆಕ್ಕ ಮಾಡಿದಾಗ ನಕ್ಷತ್ರಗಳಲ್ಲಿ ಬಹುಪಾಲು ಹೈಡ್ರೋಜನ್, ಹೀಲಿಯಂ ಎಂದು ಬಂತು. ನಕ್ಷತ್ರದಲ್ಲಿರುವ ಧಾತುಗಳೂ ಭೂಮಿಯಂತೆಯೇ ಇರುತ್ತವೆ ಎಂದು ಎಲ್ಲರೂ ನಂಬಿದ್ದ ಕಾಲ. ಹಿರಿಯ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಇದು ಸಾಧ್ಯವೇ ಇಲ್ಲ ಎಂದರು. ಪಾಪ, ಆಕೆ ತನ್ನ ಪ್ರಬಂಧದಲ್ಲೇ ಈ ಬೆಲೆ ಹೆಚ್ಚು ಕಡಿಮೆ ಖಂಡಿತವಾಗಿ ನಿಜವಲ್ಲ ಎಂದು ಬರೆಯಬೇಕಾಯಿತು. ನಾಲ್ಕು ವರ್ಷದ ನಂತರ ಅದೇ ರಸೆಲ್ ಬೇರೆ ದಾರಿಯಲ್ಲಿ ಲೆಕ್ಕ ಮಾಡಿ, ಆಕೆ ಹೇಳಿದ್ದೇ ಸರಿ ಎಂದು ಒಪ್ಪಿದರು.

ಆದ್ದರಿಂದ ಹೊಂದದ ನಕ್ಷತ್ರವನ್ನು ವರದಿಯಿಂದ ತೆಗೆಯಬೇಡ ಎಂದು ನನ್ನ ಸಲಹೆ.

ಬೆಲ್ಲದಮಾವು (ಶ್ರೀನಿವಾಸಪುರ)

ಚೆನ್ನಾಗಿ ಹೇಳಿದಿರಿ ಮೇಷ್ಟ್ರೇ. ನಾನು ತೋಟ ಮಾಡುವವನು, ಪಿಯುಸಿ ಓದುವ ಮಗನ ಜೊತೆ ಕೂತು ಇದನ್ನು ಓದುತ್ತಿದ್ದೇನೆ. ಅವನ ಪ್ರಶ್ನೆ ಇದು, ನಾನು ಬರೀ ಟೈಪ್ ಮಾಡುತ್ತಿದ್ದೇನೆ: ನಕ್ಷತ್ರದ ಬಿಸಿ, ಗುರುತ್ವ ಇಷ್ಟು ನಿಖರವಾಗಿ ಗೊತ್ತಾಗಿ ಏನಾಗಬೇಕು?

ಉತ್ತರಪಿನಾಕಿನಿ (ಗೌರಿಬಿದನೂರು)

ಮಗನಿಗೆ ಒಂದು ಉದಾಹರಣೆ ಕೊಡುತ್ತೇನೆ ಅಣ್ಣ. ಬೇರೆ ನಕ್ಷತ್ರಗಳ ಸುತ್ತ ಗ್ರಹ ಹುಡುಕುವುದು ಹೇಗೆ ಗೊತ್ತಲ್ಲ? ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಸ್ವಲ್ಪ ಕುಗ್ಗುತ್ತದೆ. ಸೂರ್ಯನಂಥ ನಕ್ಷತ್ರದ ಮುಂದೆ ಗುರುಗ್ರಹ ಹಾದರೆ ನೂರರಲ್ಲಿ ಒಂದು ಪಾಲು. ಈ ಕುಗ್ಗುವಿಕೆ ಹೇಳುವುದು ಗ್ರಹ ನಕ್ಷತ್ರದ ಎಷ್ಟನೇ ಒಂದು ಭಾಗ ಎಂದು ಮಾತ್ರ. ನಕ್ಷತ್ರದ ಅಳತೆಯಲ್ಲಿ ಹತ್ತು ಪರ್ಸೆಂಟ್ ತಪ್ಪಾದರೆ ಗ್ರಹದ ಅಳತೆಯಲ್ಲೂ ಅಷ್ಟೇ ತಪ್ಪು. ಕಲ್ಲಿನ ಗ್ರಹವೋ ಅನಿಲದ ಗ್ರಹವೋ ಎಂಬ ತೀರ್ಮಾನವೇ ಅದರಿಂದ ಬದಲಾಗಬಹುದು. ನಕ್ಷತ್ರದ ಅಳತೆ ಬರುವುದು ಅದರ ತಾಪಮಾನ ಮತ್ತು ಹೊಳಪಿನಿಂದ.

ಇನ್ನೊಂದು, ಲೋಹಾಂಶ. ಹಳೆಯ ನಕ್ಷತ್ರಗಳಲ್ಲಿ ಲೋಹ ಕಡಿಮೆ, ಯಾಕೆಂದರೆ ಆಗ ಲೋಹ ಬೇಯಿಸುವ ನಕ್ಷತ್ರಗಳೇ ಹೆಚ್ಚು ಸತ್ತಿರಲಿಲ್ಲ. ಲಕ್ಷಗಟ್ಟಲೆ ನಕ್ಷತ್ರದ ಲೋಹಾಂಶ ಗೊತ್ತಾದರೆ ಆಕಾಶಗಂಗೆ ಹೇಗೆ ಬೆಳೆಯಿತು ಎಂದು ಓದಬಹುದು.

ನಾನು ನಕ್ಷತ್ರಗಳ ಸ್ಪೆಕ್ಟ್ರಮ್ ಮೇಲೇ ಪಿಎಚ್‌ಡಿ ಮಾಡಿದ್ದು. ಹೊಸಕೋಟೆಯಲ್ಲಿ ಕೂತು ಲಡಾಖಿನ ಹಾನ್ಲೆಯ 2 ಮೀಟರ್ ದೂರದರ್ಶಕ ನಡೆಸುವ ಕೇಂದ್ರ ಇದೆಯಲ್ಲ, ಅಲ್ಲಿ ಎಷ್ಟೋ ರಾತ್ರಿ ಕಳೆದಿದ್ದೇನೆ. ಗೂಡುಮನೆ, ನಿನ್ನ ಪ್ರಶ್ನೆಗೆ ರಾತ್ರಿ ಉದ್ದ ಉತ್ತರ ಬರೆಯುತ್ತೇನೆ ತಂಗಿ. ಅಲ್ಲಿಯವರೆಗೆ ಆ ಬಿಸಿ ನಕ್ಷತ್ರದ ಸ್ಪೆಕ್ಟ್ರಮ್ ಅಳಿಸಬೇಡ.

ಅಂತರಗಂಗೆ (ಕೋಲಾರ)

ನನ್ನದು ಸಾಫ್ಟ್‌ವೇರ್ ಕೆಲಸ. ಈ ಕಾಯಿಲೆ ನನಗೆ ಚೆನ್ನಾಗಿ ಗೊತ್ತು. ಟೊಮೆಟೊ ಮಂಡಿಯಲ್ಲಿ ಹಣ್ಣು ಗ್ರೇಡ್ ಮಾಡುವ ಒಂದು ಕ್ಯಾಮೆರಾ ನಾನು, ಗೆಳೆಯರು ಸೇರಿ ಮಾಡಿದ್ದೆವು. ಫೋಟೊ ಎಲ್ಲ ತೆಗೆದಿದ್ದು ಹಗಲು ಬೆಳಕಿನಲ್ಲಿ. ಮಂಡಿಯ ವ್ಯಾಪಾರ ಬೆಳಕು ಹರಿಯುವ ಮುಂಚೆ, ಬಲ್ಬ್ ಕೆಳಗೆ. ಆ ಹಳದಿ ಬೆಳಕಿನಲ್ಲಿ ಅರೆಗಾಯಿಯನ್ನೂ ಹಣ್ಣು ಎಂದಿತು. ಎರಡು ಕ್ರೇಟ್ ಹಾಳಾದ ಮೇಲೆ ನಮಗೆ ಗೊತ್ತಾಯಿತು.

ಕಾರಣ ಸರಳ. ಈ ನೆಟ್‌ವರ್ಕ್‌ಗೆ "ಗೊತ್ತಿಲ್ಲ" ಎಂಬ ಉತ್ತರವೇ ಇಲ್ಲ. ನೀವು ಮೂರು ಬಾಗಿಲು ಇಟ್ಟಿದ್ದೀರಿ, ಏನೇ ಒಳಗೆ ಬಂದರೂ ಆ ಮೂರರಿಂದ ಮೂರು ಸಂಖ್ಯೆ ಹೊರಗೆ ಬರಲೇಬೇಕು. ನಿಮ್ಮ ಬೆರಳಚ್ಚಿನ ಚಿತ್ರ ಕೊಟ್ಟರೂ ಅದು ತಾಪಮಾನ ಹೇಳುತ್ತದೆ.

ಎರಡು ಉಪಾಯ ಇವೆ. ಒಂದು, ಡ್ರಾಪ್‌ಔಟ್. ಪರೀಕ್ಷೆಯ ಹೊತ್ತಿನಲ್ಲೂ ನೆಟ್‌ವರ್ಕ್‌ನ ಕೆಲವು ಕೊಂಡಿಗಳನ್ನು ಮನಬಂದಂತೆ ಮುಚ್ಚುತ್ತಾ ನೂರು ಸಲ ಉತ್ತರ ಕೇಳಿ. ಉತ್ತರಗಳು ಚದುರಿದರೆ ನೆಟ್‌ವರ್ಕ್‌ಗೆ ಗಟ್ಟಿಯಾಗಿ ಗೊತ್ತಿಲ್ಲ ಎಂದರ್ಥ. ಅಪೊಜಿಗೇ ಮಾಡಿದ ಆಸ್ಟ್ರೋ-ಎನ್‌ಎನ್ ಎಂಬ ನೆಟ್‌ವರ್ಕ್‌ನಲ್ಲಿ ಈ ರೀತಿಯೇ ಇದೆ, 2019ರ ಕೆಲಸ. ಎರಡು, ಬೇರೆ ಬೇರೆ ಶುರುವಿನಿಂದ ಐದು ನೆಟ್‌ವರ್ಕ್ ಕಲಿಸಿ, ಐದೂ ಒಪ್ಪುತ್ತವೆಯೇ ನೋಡಿ. ನಾಳೆಯೇ ಮಾಡಬಹುದು, ಮೂರು ಸಾಲು ಕೋಡ್ ಜಾಸ್ತಿ ಅಷ್ಟೇ.

ಉತ್ತರಪಿನಾಕಿನಿ (ಗೌರಿಬಿದನೂರು)

ಅಂತರಗಂಗೆ ಹೇಳಿದ್ದು ಮಾಡಬೇಕು, ಒಪ್ಪಿದೆ. ಆದರೆ ಅಷ್ಟಕ್ಕೇ ನಿಲ್ಲಬೇಡ ತಂಗಿ. ಐದೂ ನೆಟ್‌ವರ್ಕ್ ಒಂದೇ ಮನೆಯಲ್ಲಿ ಬೆಳೆದ ಮಕ್ಕಳು. ಐದೂ ಸೇರಿ ಒಂದೇ ತಪ್ಪು ಹೇಳಬಹುದು. ಬಿಸಿ ನಕ್ಷತ್ರಕ್ಕೆ ಚದುರಬಹುದು, ಚದುರದೆಯೂ ಇರಬಹುದು.

ನಿನ್ನ ನೆಟ್‌ವರ್ಕ್ ಹೋಗುತ್ತಿರುವ ದಿಕ್ಕನ್ನು ನೋಡು. ಸ್ಪೆಕ್ಟ್ರಮ್‌ನಿಂದ ಬೆಲೆಗೆ. ಏಳು ಸಾವಿರ ಸಂಖ್ಯೆ ಮೂರಕ್ಕೆ ಇಳಿದ ಮೇಲೆ, ಆ ಮೂರು ಸರಿಯೇ ಎಂದು ಹಿಂದಕ್ಕೆ ತಿರುಗಿ ನೋಡುವ ದಾರಿ ಅದರಲ್ಲಿಲ್ಲ. ಇನ್ನೊಂದು ಪಂಗಡ ಉಲ್ಟಾ ಹೋಗುತ್ತದೆ. ಬೆಲೆಯಿಂದ ಸ್ಪೆಕ್ಟ್ರಮ್‌ಗೆ. ಇಷ್ಟು ಬಿಸಿ, ಇಷ್ಟು ಗುರುತ್ವ, ಇಷ್ಟು ಲೋಹ ಇದ್ದರೆ ಸ್ಪೆಕ್ಟ್ರಮ್ ಹೇಗೆ ಕಾಣಬೇಕು ಎಂದು ಮಾದರಿ ಬರೆಯುತ್ತದೆ. ಆಮೇಲೆ ನಿಜವಾದ ಸ್ಪೆಕ್ಟ್ರಮ್ ಪಕ್ಕ ಇಟ್ಟು ಹೋಲಿಸುತ್ತದೆ. ಹೊಂದದಿದ್ದರೆ ಕಣ್ಣಿಗೇ ಕಾಣುತ್ತದೆ.

ಮೇಷ್ಟ್ರು ಹೇಳಿದ ಇಬ್ಬರು ಹೆಣ್ಣುಮಕ್ಕಳ ಹೆಸರೂ ಇಲ್ಲಿ ಉಳಿದಿದೆ. 2015ರಲ್ಲಿ ಬಂದ ವಿಧಾನದ ಹೆಸರು "ದಿ ಕ್ಯಾನನ್". ಚೆನ್ನಾಗಿ ಗೊತ್ತಿರುವ ಐನೂರು ಚಿಲ್ಲರೆ ನಕ್ಷತ್ರಗಳಿಂದ ಕಲಿತು ಐವತ್ತೈದು ಸಾವಿರ ನಕ್ಷತ್ರಕ್ಕೆ ಬೆಲೆ ಕಟ್ಟಿತು. ಅದರಲ್ಲಿ ಡೀಪ್ ಲರ್ನಿಂಗ್ (ಪದರ ಪದರದ ನ್ಯೂರಲ್ ನೆಟ್‌ವರ್ಕ್) ಇಲ್ಲ, ಒಂದೊಂದು ತರಂಗಾಂತರಕ್ಕೂ ಒಂದು ವರ್ಗ ಸಮೀಕರಣ ಅಷ್ಟೇ. 2019ರದ್ದು "ದಿ ಪೇನ್". ಅದರಲ್ಲಿ ಭೌತಶಾಸ್ತ್ರದ ಲೆಕ್ಕದಿಂದ ಮಾಡಿದ ಸ್ಪೆಕ್ಟ್ರಮ್‌ಗಳನ್ನು ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸಿ, ಬೇಕಾದ ಬೆಲೆಗೆ ಕ್ಷಣದಲ್ಲಿ ಹೊಸ ಸ್ಪೆಕ್ಟ್ರಮ್ ಬರೆಯಿಸುತ್ತಾರೆ.

ನಿನ್ನ ಅಪ್ಪನ ಉದಾಹರಣೆಯೇ ತಗೋ. ಕೈಯಲ್ಲಿ ಒತ್ತಿ ಹೇಳುವುದು ನಿನ್ನ ನೆಟ್‌ವರ್ಕ್. ಬೇಯಿಸಿ ಬಿಚ್ಚಿ ನೋಡುವುದು ಈ ಎರಡನೆಯದು. ನಿನಗೆ ಎರಡೂ ಬೇಕು.

ಇನ್ನೊಂದು ಮಾತು, ಇದು ಮುಖ್ಯ. ನೆಟ್‌ವರ್ಕ್ ಯಾವ ಗೆರೆ ನೋಡಿ ಹೇಳುತ್ತಿದೆ ಎಂದು ಪರೀಕ್ಷಿಸು. ನಮ್ಮ ಗ್ಯಾಲಕ್ಸಿಯಲ್ಲಿ ಧಾತುಗಳು ಜೊತೆ ಜೊತೆಗೆ ಏರುತ್ತವೆ, ಇಳಿಯುತ್ತವೆ. ಕಬ್ಬಿಣ ಜಾಸ್ತಿ ಇದ್ದಲ್ಲಿ ಸಾಮಾನ್ಯವಾಗಿ ಬೇರೆ ಲೋಹಗಳೂ ಜಾಸ್ತಿ. ನೆಟ್‌ವರ್ಕ್ ಈ ನಂಟನ್ನೇ ಕಲಿತುಬಿಡುತ್ತದೆ. ಒಂದು ಧಾತುವಿನ ಗೆರೆ ನೋಡದೆಯೇ, ಪಕ್ಕದವರನ್ನು ನೋಡಿ ಅದರ ಬೆಲೆ ಹೇಳಿಬಿಡುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಸಲ ಸರಿ ಬರುತ್ತದೆ. ಆದರೆ ನಾವು ಹುಡುಕುವುದೇ ಆ ಒಂದು ವಿಚಿತ್ರ ನಕ್ಷತ್ರವನ್ನು! ಅದಕ್ಕೇ ಆಸ್ಟ್ರೋ-ಎನ್‌ಎನ್‌ನವರು ಒಂದೊಂದು ಧಾತುವಿಗೂ ಅದರ ಗೆರೆಗಳಿರುವ ಭಾಗ ಮಾತ್ರ ಕಾಣುವಂತೆ ಉಳಿದದ್ದಕ್ಕೆ ಪರದೆ ಕಟ್ಟಿದರು.

ಮೇಷ್ಟ್ರೇ, ನಿಮ್ಮ ಸಲಹೆಗೆ ಒಂದು ಸಣ್ಣ ತಿದ್ದುಪಡಿ. ಪೇನ್ ಅವರ ಹೊಂದದ ಸಂಖ್ಯೆ ನಿಜವಾಗಿತ್ತು. ನಮ್ಮ ಹುಡುಗಿಯ ಹೊಂದದ ಸಂಖ್ಯೆ ಖಂಡಿತ ತಪ್ಪು, ಆ ನಕ್ಷತ್ರ ಬಿಸಿಯೇ. ಎರಡನ್ನೂ ಬೇರೆ ಮಾಡಿದ್ದು ಇನ್ನೊಂದು ದಾರಿಯ ಲೆಕ್ಕ. ಹಾಗಾಗಿ ಬರೀ ಇಟ್ಟುಕೊಂಡರೆ ಸಾಲದು, ಯಾಕೆ ತಪ್ಪಿತು ಎಂದು ತೋರಿಸಬೇಕು.

ಏಕಶಿಲೆ (ಮಧುಗಿರಿ)

ಒಪ್ಪಿದೆ ತಾಯಿ. ನೀವು ಹೇಳಿದ್ದು ನನ್ನ ಮಾತಿಗಿಂತ ಸರಿಯಾಗಿದೆ.

ಅಂತರಗಂಗೆ (ಕೋಲಾರ)

ಅಕ್ಕ, ಒಂದು ತಕರಾರು. ಹೀಗೆ ಹೋಲಿಸಿ ನೋಡುವುದೇ ಒಳ್ಳೆಯದಾದರೆ ಡೀಪ್ ಲರ್ನಿಂಗ್ ಯಾಕೆ ಬೇಕು? ಭೌತಶಾಸ್ತ್ರದ ಲೆಕ್ಕದಲ್ಲೇ ಎಲ್ಲ ಮಾಡಬಹುದಲ್ಲ?

ಉತ್ತರಪಿನಾಕಿನಿ (ಗೌರಿಬಿದನೂರು)

ಮಾಡಬಹುದು, ಮಾಡುತ್ತಲೂ ಇದ್ದೇವೆ. ನಾನು ನನ್ನ ಪ್ರಬಂಧಕ್ಕೆ ಒಂದೊಂದು ನಕ್ಷತ್ರದ ಮುಂದೆ ದಿನಗಟ್ಟಲೆ ಕೂತಿದ್ದೇನೆ. ಗೆರೆ ಗೆರೆ ಅಳೆದಿದ್ದೇನೆ. ಆ ಕೆಲಸದ ಮೇಲೆ ನನಗೆ ಪ್ರೀತಿ ಇದೆ. ಆದರೆ 2022ರ ಜೂನ್‌ನಲ್ಲಿ ನಕ್ಷತ್ರಗಳನ್ನು ಅಳೆದ ಗಾಯಾ ಉಪಗ್ರಹದ ಡೇಟಾದ ಮೂರನೇ ಕಂತು ಬಂದಾಗ ಸುಮಾರು 22 ಕೋಟಿ ನಕ್ಷತ್ರದ ಸ್ಪೆಕ್ಟ್ರಮ್ ಬಂತು. ಅದೂ ಗೆರೆ ಒಂದೊಂದಾಗಿ ಕಾಣದ, ಮಸುಕಾದ ಸ್ಪೆಕ್ಟ್ರಮ್. ಅಷ್ಟನ್ನು ಕೈಯಲ್ಲಿ ಅಳೆಯಲು ಆಗುವುದಿಲ್ಲ. ಮರುವರ್ಷ 17.5 ಕೋಟಿ ನಕ್ಷತ್ರದ ಲೋಹಾಂಶ ಕಲಿತು ಹೇಳಿದ ಪ್ರಬಂಧ ಬಂತು. ನಿಮಗೆ ಖುಷಿಯಾಗುವ ವಿಷಯ, ಅವರು ಬಳಸಿದ್ದು ಎಕ್ಸ್‌ಜಿಬೂಸ್ಟ್. ನ್ಯೂರಲ್ ನೆಟ್‌ವರ್ಕ್ ಕೂಡ ಅಲ್ಲ, ತೀರ್ಮಾನದ ಮರಗಳು, ಅಂದರೆ ಹೌದು-ಇಲ್ಲ ಪ್ರಶ್ನೆಗಳ ಸರಣಿ. ಕಲಿಸುವಾಗ ಉತ್ತರ ಎಂದು ಕೊಟ್ಟ ಬೆಲೆಗಳು ಮುಖ್ಯವಾಗಿ ಅಪೊಜಿಯವು.

ಇನ್ನೊಂದು ತೊಂದರೆ ಭೌತಶಾಸ್ತ್ರದ ಕಡೆಯಿಂದ. ನಮ್ಮ ಲೆಕ್ಕದ ಸ್ಪೆಕ್ಟ್ರಮ್ ನಿಜವಾದದ್ದಕ್ಕೆ ಪೂರ್ತಿ ಹೊಂದುವುದಿಲ್ಲ. ಎಷ್ಟೋ ಗೆರೆಗಳ ಬಲ ನಮಗೆ ಸರಿಯಾಗಿ ಗೊತ್ತಿಲ್ಲ, ನಕ್ಷತ್ರದ ವಾತಾವರಣವನ್ನು ಸರಳ ಮಾಡಿ ಲೆಕ್ಕ ಹಾಕುತ್ತೇವೆ, ದೂರದರ್ಶಕದ್ದೂ ಒಂದು ಛಾಪು ಇರುತ್ತದೆ. ಲೆಕ್ಕದ ಸ್ಪೆಕ್ಟ್ರಮ್ ಮೇಲೆ ಕಲಿತ ನೆಟ್‌ವರ್ಕ್‌ಗೆ ನಿಜವಾದದ್ದು ಕೊಟ್ಟರೆ ಎಡವುತ್ತದೆ. ಮಿಶ್ರತಳಿ ಹಳದಿ ಗೂಡಿನಲ್ಲಿ ಪಳಗಿದ ಕೈಗೆ ಬಿಳಿ ಬೈವೋಲ್ಟೀನ್ ಗೂಡು ಕೊಟ್ಟ ಹಾಗೆ. ಈ ಕಂದಕ ಮುಚ್ಚಲು 2021ರಲ್ಲಿ ಸೈಕಲ್-ಸ್ಟಾರ್‌ನೆಟ್ ಬಂತು. ಲೆಕ್ಕದ ಸ್ಪೆಕ್ಟ್ರಮ್ ಅನ್ನು ನಿಜದ್ದರಂತೆ, ನಿಜದ್ದನ್ನು ಲೆಕ್ಕದ್ದರಂತೆ ಬದಲಿಸಲು ಕಲಿಯುವ ನೆಟ್‌ವರ್ಕ್ ಅದು. ಇಂಥ ಕಡೆ ಡೀಪ್ ಲರ್ನಿಂಗ್ ನಿಜಕ್ಕೂ ಬೇಕು.

ಗೂಡುಮನೆ, ನಿನಗೆ ಒಂದು ಮನೆಗೆಲಸ. ಅಪೊಜಿಯಲ್ಲಿ ಎರಡು ವಿಶೇಷ ಸ್ಪೆಕ್ಟ್ರಮ್ ಇವೆ. ಒಂದು ಸ್ವಾತಿ ನಕ್ಷತ್ರದ್ದು. ಇನ್ನೊಂದು ವೆಸ್ಟಾ ಎಂಬ ಕ್ಷುದ್ರಗ್ರಹದ್ದು. ಸೂರ್ಯನ ಕಡೆಗೆ ದೂರದರ್ಶಕ ತಿರುಗಿಸಲು ಆಗುವುದಿಲ್ಲವಲ್ಲ. ವೆಸ್ಟಾದ ಮೇಲೆ ಬಿದ್ದು ಬಂದ ಬೆಳಕು ಸೂರ್ಯನದೇ. ಎರಡನ್ನೂ ನೆಟ್‌ವರ್ಕ್‌ಗೆ ಕೊಟ್ಟು ನೋಡು.

ಚಾಂಪಿಯನ್‌ರೀಫ್ (ಕೆಜಿಎಫ್)

ಸ್ವಾತಿ ಮತ್ತು ಸೂರ್ಯ ಯಾಕೆ ಎಂದು ಯೋಚಿಸುತ್ತಿದ್ದೆ. ನಮ್ಮ ತಾತ, ಅಪ್ಪ ಗಣಿಯಲ್ಲಿ ದುಡಿದವರು. ನಾನು ಚಿನ್ನದ ಕೆಲಸ ಮಾಡುತ್ತೇನೆ. ಒರೆಗಲ್ಲಿನ ಮೇಲೆ ಬಂದ ಒಡವೆಯನ್ನು ಉಜ್ಜಿದರೆ ಒಂದು ಗೆರೆ ಬೀಳುತ್ತದೆ. ಅದರ ಪಕ್ಕ ಗೊತ್ತಿರುವ ಕಡ್ಡಿ ಉಜ್ಜುತ್ತೇವೆ. 22 ಕ್ಯಾರೆಟ್ ಕಡ್ಡಿ, 18ರ ಕಡ್ಡಿ. ಆಸಿಡ್ ಹಾಕಿ ಎರಡೂ ಗೆರೆ ಒಟ್ಟಿಗೆ ನೋಡುತ್ತೇವೆ. ಆ ಕಡ್ಡಿ ಇಲ್ಲದೆ ಎಷ್ಟು ಅನುಭವ ಇದ್ದರೂ ನಾನು ಬಾಯಿ ಬಿಡುವುದಿಲ್ಲ. ಸ್ವಾತಿ ನಿಮ್ಮ ಕಡ್ಡಿಯೇ?

ಇನ್ನೊಂದು, ಹೆಮ್ಮೆಗೆ ಹೇಳುತ್ತೇನೆ. 1965ರಲ್ಲಿ ನಮ್ಮ ಗಣಿಯ ಆಳದಲ್ಲೇ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣ ಸಿಕ್ಕಿದ್ದು. ಎರಡು ಕಿಲೋಮೀಟರಿಗೂ ಜಾಸ್ತಿ ಕೆಳಗೆ. ಅಷ್ಟು ಆಳಕ್ಕೆ ಹೋಗಿದ್ದು ಬೇರೆ ಕಣಗಳ ಗಲಾಟೆ ತಪ್ಪಿಸುವುದಕ್ಕೆ ಎಂದು ಅಪ್ಪ ಹೇಳುತ್ತಿದ್ದರು. ಯಾವುದು ನಿಜವಾದ ಗುರುತು, ಯಾವುದು ಗಲಾಟೆ ಎನ್ನುವ ಪ್ರಶ್ನೆ ಅಲ್ಲೂ ಇದೇ ಅಲ್ವಾ?

ಉತ್ತರಪಿನಾಕಿನಿ (ಗೌರಿಬಿದನೂರು)

ಹೌದು, ಸ್ವಾತಿ ನಮ್ಮ ಕಡ್ಡಿಯೇ. ಅಪೊಜಿಯವರು ತಮ್ಮ ಗೆರೆಗಳ ಪಟ್ಟಿಯನ್ನೇ ಸೂರ್ಯ ಮತ್ತು ಸ್ವಾತಿಗೆ ಹೊಂದಿಸಿ ತಿದ್ದಿದ್ದಾರೆ. ಸ್ವಾತಿ ಕೆಂಪು ದೈತ್ಯ, 37 ಬೆಳಕಿನ ವರ್ಷ ದೂರ. ಅದರ ಕೋನ ವ್ಯಾಸವನ್ನು ನೇರವಾಗಿ ಅಳೆದಿರುವುದರಿಂದ ತಾಪಮಾನ ಚೆನ್ನಾಗಿ ಗೊತ್ತು, ಸುಮಾರು 4290 ಕೆಲ್ವಿನ್. ಸೂರ್ಯನದು 5772.

ಗುರುತ್ವದಲ್ಲಿ ಇನ್ನೂ ದೊಡ್ಡ ವ್ಯತ್ಯಾಸ. ಸೂರ್ಯನ ಮೇಲ್ಮೈಯಲ್ಲಿ ಭೂಮಿಯ 28 ಪಟ್ಟು. ಸ್ವಾತಿ ಸೂರ್ಯನಿಗಿಂತ 25 ಪಟ್ಟು ಅಗಲ, ತೂಕ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ಅದರ ಮೇಲ್ಮೈ ಗುರುತ್ವ ಭೂಮಿಯದರ ಇಪ್ಪತ್ತನೇ ಒಂದು ಭಾಗ! ನಾವು ಬರೆಯುವ ಲಾಗ್ ಜಿ ಲೆಕ್ಕದಲ್ಲಿ (ಒಂದು ಏರಿದರೆ ಗುರುತ್ವ ಹತ್ತು ಪಟ್ಟು) ಸೂರ್ಯ 4.44, ಸ್ವಾತಿ ಸುಮಾರು 1.7. ಗುರುತ್ವ ಜಾಸ್ತಿ ಇದ್ದಲ್ಲಿ ಅನಿಲದ ಒತ್ತಡ ಜಾಸ್ತಿ, ಪರಮಾಣುಗಳು ಒಂದಕ್ಕೊಂದು ತಾಗುವುದು ಜಾಸ್ತಿ, ಕೆಲವು ಗೆರೆಗಳು ಅಗಲವಾಗುತ್ತವೆ. ಅದನ್ನು ನೋಡಿ ದೈತ್ಯವೋ, ಸೂರ್ಯನಂಥ ಕುಬ್ಜವೋ ಎಂದು ಹೇಳುವುದು.

ಗೂಡುಮನೆ (ಶಿಡ್ಲಘಟ್ಟ)

ಐದು ದಿನ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಮನೆಯಲ್ಲಿ ಎರಡು ದೊಡ್ಡ ಲಾಟು ಬಂದಿತ್ತು. ಹಗಲು ಅಮ್ಮನ ಜೊತೆ ಗೂಡು ಆರಿಸುವುದು, ರಾತ್ರಿ ಇದು.

ಮೊದಲು ಸ್ವಾತಿ ಕೊಟ್ಟೆ. 4300ರ ಆಸುಪಾಸು ಬಂತು, ಗುರುತ್ವವೂ ಹತ್ತಿರ. ಕುಣಿಯುವಷ್ಟು ಖುಷಿಯಾಯಿತು.

ಆಮೇಲೆ ವೆಸ್ಟಾ. ತಾಪಮಾನ 5400ರ ಹತ್ತಿರ ಹೇಳಿ ನಿಂತಿತು. ಲಾಗ್ ಜಿ 3.4. ಅಂದರೆ ಗುರುತ್ವ ಇರುವುದಕ್ಕಿಂತ ಹತ್ತು ಪಟ್ಟು ಕಡಿಮೆ. ನನ್ನ ನೆಟ್‌ವರ್ಕ್ ನಮ್ಮ ಸೂರ್ಯನನ್ನೇ ಊದಿದ ನಕ್ಷತ್ರ ಎಂದಿತು! ಪಾಪ ಅದರ ತಪ್ಪಲ್ಲ. ನಾನು ಅದಕ್ಕೆ ದೈತ್ಯಗಳನ್ನು ಬಿಟ್ಟು ಇನ್ನೇನೂ ತೋರಿಸಿರಲೇ ಇಲ್ಲ. ಅದರ ಪ್ರಪಂಚದಲ್ಲಿ ಸೂರ್ಯನಂಥದ್ದು ಇರಲೇ ಇಲ್ಲ.

ಅಂತರಗಂಗೆ ಅಣ್ಣ ಹೇಳಿದ ಡ್ರಾಪ್‌ಔಟ್ ಮಾಡಿದೆ. ವೆಸ್ಟಾಗೆ ಉತ್ತರಗಳು ಚದುರಿದವು, ಹಾಗಾಗಿ ಸುಳಿವು ಸಿಕ್ಕಿತು. ಬಿಸಿ ನಕ್ಷತ್ರಕ್ಕೆ ಅಕ್ಕ ಹೆದರಿದ ಹಾಗೇ ಆಯಿತು. ನೂರು ಉತ್ತರವೂ ಹತ್ತಿರ ಹತ್ತಿರ, ನೂರೂ ತಪ್ಪು. ಐದು ಬೇರೆ ನೆಟ್‌ವರ್ಕ್ ಮಾಡಿದಾಗ ಸ್ವಲ್ಪ ವಾಸಿ, ಎರಡು ಒಪ್ಪಲಿಲ್ಲ.

ಆಮೇಲೆ ಉಲ್ಟಾ ನೆಟ್‌ವರ್ಕ್ ಕಟ್ಟಿದೆ. ಮೂರು ಬೆಲೆ ಕೊಟ್ಟರೆ ಸ್ಪೆಕ್ಟ್ರಮ್ ಬರೆಯುವಂಥದ್ದು. ಮೊದಲನೆಯದು ಹೇಳಿದ ಬೆಲೆಯನ್ನು ಇದಕ್ಕೆ ಕೊಟ್ಟು, ಬಂದ ಸ್ಪೆಕ್ಟ್ರಮ್ ಅನ್ನು ನಿಜವಾದದ್ದರ ಮೇಲೆ ಇಟ್ಟು ನೋಡಿದೆ. ಬಿಸಿ ನಕ್ಷತ್ರದಲ್ಲಿ ಒಂದು ಗೆರೆಯೂ ಹೊಂದಲಿಲ್ಲ. ನಿಜದ್ದರಲ್ಲಿ ಅಗಲವಾದ ಹೈಡ್ರೋಜನ್ ತಗ್ಗುಗಳು ಬಿಟ್ಟರೆ ಹೆಚ್ಚು ಕಡಿಮೆ ನುಣುಪು. ಮಾದರಿ ಬರೆದದ್ದರಲ್ಲಿ ತುಂಬಾ ಕಬ್ಬಿಣದ ಗೆರೆ. ಕಂಪ್ಯೂಟರ್ ಬೇಡ, ಕಣ್ಣಿಗೇ ಗೊತ್ತಾಗುತ್ತದೆ.

ಗೈಡ್‌ಗೆ ಈ ಚಿತ್ರ ತೋರಿಸಿದೆ. ತುಂಬಾ ಹೊತ್ತು ನೋಡಿದರು. "ಇದನ್ನು ಒಂದು ಅಧ್ಯಾಯ ಮಾಡು" ಎಂದರು. ಕುಬ್ಜ ನಕ್ಷತ್ರಗಳನ್ನೂ ಸೇರಿಸಿ ಮತ್ತೆ ಕಲಿಸಲು ಒಪ್ಪಿದರು. ಈಗ ಅದು ಓಡುತ್ತಿದೆ.

ಒಂದು ಸಮಸ್ಯೆ ಮಾತ್ರ ಉಳಿದಿದೆ. ನನ್ನ ದೈತ್ಯಗಳ ಗುಂಪಿನಲ್ಲೇ, ವ್ಯಾಪ್ತಿಯ ಒಳಗೇ, ಸ್ವಲ್ಪವೂ ಹೊಂದದ ಕೆಲವು ಸಿಕ್ಕಿವೆ. ಒಂದರಲ್ಲಿ ಪ್ರತಿ ಗೆರೆಯ ಪಕ್ಕದಲ್ಲೂ ಇನ್ನೊಂದು ಮೆಲುವಾದ ಗೆರೆ. ಎಲ್ಲ ಗೆರೆಗೂ ಒಂದೇ ಅಂತರ. ನನ್ನ ಕೋಡ್ ತಪ್ಪಿರಬಹುದು ಎಂದು ಎರಡು ದಿನ ಹುಡುಕಿದೆ. ಸರ್ವೆಯ ಮೂಲ ಫೈಲಿನಲ್ಲೂ ಹಾಗೇ ಇದೆ. ಚಿತ್ರ ಹಾಕಿದ್ದೇನೆ. ಅಕ್ಕ, ಇದೇನು?

ಉತ್ತರಪಿನಾಕಿನಿ (ಗೌರಿಬಿದನೂರು)

ತಂಗಿ! ಇದು ಕೋಡ್ ತಪ್ಪಲ್ಲ. ಎರಡು ನಕ್ಷತ್ರ. ಒಂದರ ಸುತ್ತ ಒಂದು ತಿರುಗುತ್ತಿವೆ. ಒಂದು ನಮ್ಮ ಕಡೆ ಬರುವಾಗ ಇನ್ನೊಂದು ದೂರ ಹೋಗುತ್ತದೆ, ಹಾಗಾಗಿ ಒಂದರ ಗೆರೆಗಳು ನೀಲಿ ಕಡೆಗೆ, ಇನ್ನೊಂದರದು ಕೆಂಪು ಕಡೆಗೆ ಸರಿಯುತ್ತವೆ. ಒಂದೇ ಫೈಬರ್‌ನಲ್ಲಿ ಎರಡರ ಬೆಳಕೂ ಬಿದ್ದಿದೆ. 2018ರಲ್ಲಿ ಅಪೊಜಿಯ ಡೇಟಾದಲ್ಲೇ, ಒಂಟಿ ನಕ್ಷತ್ರದ ಮಾದರಿಗೆ ಹೊಂದದವನ್ನು ಜೋಡಿ ಮಾದರಿಗೆ ಹೊಂದಿಸಿ, ಸಾವಿರಾರು ಜೋಡಿ ನಕ್ಷತ್ರ ಹುಡುಕಿದರು. ನೀನು ಈಗ ಅದೇ ದಾರಿಯಲ್ಲಿ ಇದ್ದೀಯ.

ಬೇರೆ ದಿನ ತೆಗೆದ ಸ್ಪೆಕ್ಟ್ರಮ್ ಇರುತ್ತದೆ ನೋಡು. ಅಪೊಜಿಯವರು ಒಂದೇ ನಕ್ಷತ್ರವನ್ನು ಹಲವು ಸಲ ನೋಡಿರುತ್ತಾರೆ. ಎರಡು ಗೆರೆಗಳ ನಡುವಿನ ಅಂತರ ದಿನದಿಂದ ದಿನಕ್ಕೆ ಬದಲಾದರೆ ಅನುಮಾನವೇ ಬೇಡ.

ಬೆಲ್ಲದಮಾವು (ಶ್ರೀನಿವಾಸಪುರ)

ಮಗ ಈ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದಾನೆ. ಸ್ವಾತಿ ಎಲ್ಲಿದೆ ತೋರಿಸು ಎನ್ನುತ್ತಾನೆ. ನನಗೆ ಸ್ವಾತಿ ಮಳೆ ಗೊತ್ತು, ನಕ್ಷತ್ರ ಗೊತ್ತಿಲ್ಲ.

ಏಕಶಿಲೆ (ಮಧುಗಿರಿ)

ಈಗ ಯುಗಾದಿ ಕಳೆದಿದೆ, ಸರಿಯಾದ ಕಾಲ. ರಾತ್ರಿ ಒಂಬತ್ತಕ್ಕೆ ಬಯಲಿಗೆ ಬನ್ನಿ. ಉತ್ತರದ ಕಡೆ ಸಪ್ತರ್ಷಿ ಮಂಡಲ ಹುಡುಕಿ. ಅದರ ಬಾಲದ ಮೂರು ನಕ್ಷತ್ರ ಬಾಗಿರುವ ಹಾಗೇ ಬಾಗಿಸಿಕೊಂಡು ಪೂರ್ವಕ್ಕೆ ಕಣ್ಣು ಹಾಯಿಸಿ. ಮೊದಲು ಸಿಗುವ ಕಿತ್ತಳೆ ಬಣ್ಣದ ಹೊಳೆಯುವ ಚುಕ್ಕಿಯೇ ಸ್ವಾತಿ. ಇನ್ನೂ ಮುಂದಕ್ಕೆ ಹೋದರೆ ಬಿಳಿ ನೀಲಿ ಚಿತ್ರಾ. ಎರಡರ ಬಣ್ಣ ಹೋಲಿಸಲಿ ನಿಮ್ಮ ಮಗ. ಚಿತ್ರಾ ಸ್ವಾತಿಗಿಂತ ಎಷ್ಟೋ ಪಾಲು ಬಿಸಿ, ಕಣ್ಣಿಗೇ ಗೊತ್ತಾಗುತ್ತದೆ.

ಗೂಡುಮನೆ (ಶಿಡ್ಲಘಟ್ಟ)

ಅಕ್ಕ, ನೋಡಿದೆ. ಆ ನಕ್ಷತ್ರಕ್ಕೆ ನಾಲ್ಕು ದಿನದ ಸ್ಪೆಕ್ಟ್ರಮ್ ಇತ್ತು. ನಾಲ್ಕರಲ್ಲೂ ಅಂತರ ಬೇರೆ ಬೇರೆ. ಒಂದು ದಿನ ಎರಡೂ ಗೆರೆ ಒಂದರ ಮೇಲೊಂದು ಕೂತು ಒಂದೇ ಆಗಿತ್ತು. ಮೈ ಜುಂ ಎಂದಿತು.

ಆ ಹೊತ್ತಿಗೆ ಅಮ್ಮ ಟೀ ತಂದರು. ಪರದೆ ನೋಡಿ ಯಾಕಿಷ್ಟು ಖುಷಿ ಎಂದರು. ಒಂದು ನಕ್ಷತ್ರ ಅಂದುಕೊಂಡಿದ್ದೆ, ಎರಡಿವೆ, ಬೆಳಕು ಬೆರೆತು ಬಂದು ನನ್ನ ಲೆಕ್ಕ ಕೂಡಲಿಲ್ಲ ಎಂದೆ. ಅಮ್ಮ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, "ಜೋಡಿ ಗೂಡು ಅನ್ನು" ಎಂದರು.

ಇಲ್ಲಿ ರೇಷ್ಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೆಲವು ಸಲ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಹೊರಗಿನಿಂದ ಒಂದೇ ಗೂಡು, ಸ್ವಲ್ಪ ದಪ್ಪ. ಒಳಗೆ ಎರಡು ಎಳೆ ಹೆಣೆದುಕೊಂಡಿರುತ್ತವೆ, ಬಿಚ್ಚಲು ಹೋದರೆ ನೂಲು ತುಂಡಾಗುತ್ತದೆ. ಅಮ್ಮ ಅವನ್ನು ಎಸೆಯುವುದಿಲ್ಲ. ಆರಿಸುವಾಗ ಬಲಗಡೆ ಒಂದು ಸಣ್ಣ ಬುಟ್ಟಿ ಇಟ್ಟುಕೊಂಡಿರುತ್ತಾರೆ, ಅದಕ್ಕೆ ಹಾಕುತ್ತಾರೆ. ಡೂಪಿಯನ್ ನೂಲಿಗೆ ಅದೇ ಬೇಕು, ಅದಕ್ಕೆ ಬೇರೆ ಗಿರಾಕಿ ಬರುತ್ತಾರೆ.

ಈಗ ನನ್ನ ಕೋಡ್‌ನಲ್ಲೂ ಹೊಂದದವನ್ನೆಲ್ಲ ಬೇರೆ ಇಡಲು ಒಂದು ಫೋಲ್ಡರ್ ಮಾಡಿದ್ದೇನೆ. ಇವತ್ತಿಗೆ ಅದರಲ್ಲಿ ನಲವತ್ತೊಂದು ಇವೆ. ನಾಳೆಯಿಂದ ಒಂದೊಂದಾಗಿ ತೆರೆದು ನೋಡುತ್ತೇನೆ.